ಮೆಕ್ಸಿಕೋದ ಮಣ್ಣಿನ ಪಾತ್ರೆ: ಮೊದಲು ಮಗುಚಿ ನೋಡಿ

ಇವೆಲ್ಲ ಮೆಕ್ಸಿಕೋದ ವಹಾಕಾ ರಾಜ್ಯದ ಪಾತ್ರೆಗಳು. ಯಾವುದನ್ನೇ ಎತ್ತಿಕೊಂಡರೂ ಮೊದಲು ಮಗುಚಿ ತಳ ನೋಡಿ. ಹೆಚ್ಚಾಗಿ ಮೆರುಗು ಬಳಿಯದೆ ಬಿಟ್ಟ ಜಾಗ ಅಲ್ಲೇ ಇರುತ್ತೆ, ಮಣ್ಣು ಯಾವುದು ಅಂತ ಅಲ್ಲೇ ಗೊತ್ತಾಗುತ್ತೆ.

ಈ ಚಪ್ಪಟೆ ಹಂಚಿಗೆ ಕೊಮಾಲ್ ಅಂತಾರೆ. ಮೆರುಗೇ ಇಲ್ಲ. ಮೆಕ್ಕೆಜೋಳದ ತೋರ್ತಿಯಾ ರೊಟ್ಟಿ ಬೇಯೋದು ಇದರ ಮೇಲೆ. ಹೊಸದನ್ನ ಹಾಗೇ ಒಲೆಗಿಟ್ಟರೆ ಹಿಟ್ಟು ಕಚ್ಚಿಕೊಳ್ಳುತ್ತೆ. ಅದಕ್ಕೇ ತಿನ್ನೋ ಸುಣ್ಣವನ್ನ ಮಜ್ಜಿಗೆ ಹದಕ್ಕೆ ಕದಡಿ, ಮೇಲ್ಮೈಗೆ ತೆಳ್ಳಗೆ ಬಳಿದು, ಒಣಗಿಸಿ, ಸಣ್ಣ ಉರಿಯಲ್ಲಿ ಕಾಯಿಸಬೇಕು. ಬಿಳುಪು ಮಾಸಿ ಮತ್ತೆ ಹಿಡಿಯೋಕೆ ಶುರುವಾದರೆ ಇನ್ನೊಂದು ಸಲ ಬಳಿಯಿರಿ. ಬಿಸಿ ಕೊಮಾಲ್ ಮೇಲೆ ತಣ್ಣೀರು ಮಾತ್ರ ಬೀಳಬಾರದು, ಸೀಳಿಬಿಡುತ್ತೆ.

ಕಪ್ಪು ಪಾತ್ರೆ ಸಾನ್ ಬಾರ್ತೊಲೊ ಕೊಯೊತೆಪೆಕ್ ಊರಿನದು. ಆವಿಗೆಯ ಬಾಯಿ ಮುಚ್ಚಿ ಗಾಳಿ ತಡೆದಾಗ ಮಣ್ಣಿನ ಕಬ್ಬಿಣದ ಅಂಶ ಕಪ್ಪಾಗುತ್ತೆ. ಕನ್ನಡಿಯಂಥ ಹೊಳಪು ಬಂದದ್ದು 1950ರ ದಶಕದಲ್ಲಿ, ಅದೇ ಊರಿನ ಕುಂಬಾರ್ತಿ ದೋನ್ಯಾ ರೋಸಾ ಅವರ ಕೈಯಲ್ಲಿ: ಪೂರ್ತಿ ಒಣಗುವ ಮುಂಚೆ ಬೆಣಚುಕಲ್ಲಿನಿಂದ ತಿಕ್ಕಿ, ಕಡಿಮೆ ಕಾವಿನಲ್ಲಿ ಸುಡೋದು. ಆದರೆ ಕಾವು ಕಡಿಮೆಯಾದ್ದರಿಂದ ಅದರಲ್ಲಿ ನೀರು ನಿಲ್ಲಲ್ಲ, ಜಿನುಗುತ್ತೆ. ಮೆಸ್ಕಾಲ್ ಮದ್ಯ ಹೊತ್ತು ತಿರುಗಿದ್ದು ಹಳೆಯ ಬೂದುಬಣ್ಣದ, ಹೊಳಪಿಲ್ಲದ ಕೊಡಗಳು. ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ಕಣಕಣ ಅನ್ನುತ್ತವೆ. ನನ್ನ ಕೇಳಿದರೆ ಚೆಲುವೂ ಅದರದ್ದೇ.

ಈಗ ಆತ್ಸೊಂಪಾ ಊರಿನ ಹಸಿರು ಮೆರುಗಿನ ಪಾತ್ರೆ. ಇಲ್ಲಿ ಸ್ವಲ್ಪ ನಿಧಾನ. ಸಾಂಪ್ರದಾಯಿಕ ಮೆರುಗಿಗೆ ‘ಗ್ರೆತಾ’ ಅಂತಾರೆ, ಅಂದರೆ ಸೀಸದ ಆಕ್ಸೈಡ್. ಕಟ್ಟಿಗೆ ಆವಿಗೆಯ ಕಾವಿಗೆ ಸೀಸ ಮೆರುಗಿನ ಗಾಜಿನೊಳಗೆ ಪೂರ್ತಿ ಬಂಧಿಯಾಗಲ್ಲ. ಟೊಮೆಟೊ, ನಿಂಬೆ, ವಿನೆಗರ್ ತಾಗಿದರೆ ಊಟಕ್ಕೆ ಇಳಿಯುತ್ತೆ. ಕುದಿಸಿದರೂ ಪಳಗಿಸಿದರೂ ಅದು ಹೋಗಲ್ಲ, ಕಣ್ಣಿಗಂತೂ ಕಾಣಲ್ಲ. ಮಕ್ಕಳಿರುವ ಮನೆಯಲ್ಲಿ ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಮಾರುವವರನ್ನ ‘ಸಿನ್ ಪ್ಲೋಮೊ?’ ಅಂತ ಕೇಳಿ, ಸೀಸವಿಲ್ಲದ್ದಾ ಅಂತ ಅರ್ಥ. ಅನುಮಾನವಿದ್ದರೆ ಹೂವಿಡೋಕೆ ಬಳಸಿ, ಅಡುಗೆಗೆ ಬೇಡ.

ಆಕಾರ ಗುರುತಿಸೋದು ಸುಲಭ. ಹೊಟ್ಟೆ ಉಬ್ಬಿ ಬಾಯಿ ಕಿರಿದಾದದ್ದು ಓಯಾ, ಹುರುಳಿಕಾಯಿ ಬೀಜ ಬೇಯಿಸೋಕೆ. ಆವಿ ಬೇಗ ಹೋಗಲ್ಲ. ಅಗಲ ಬಾಯಿಯದು ಕಸುವೇಲಾ, ಮೋಲೆ ಸಾರು ತಿರುವುತ್ತಾ ಇಂಗಿಸೋಕೆ. ಹಿಡಿಯಿರುವ ಸಣ್ಣದು ಹಾರ್ರೊ, ಕಾಫಿಗೆ, ಆತೋಲೆ ಗಂಜಿಗೆ.

ಹೊಸ ಓಯಾವನ್ನ ರಾತ್ರಿಯಿಡೀ ನೀರಲ್ಲಿ ನೆನೆಸಿ. ಮರುದಿನ ಮುಕ್ಕಾಲು ನೀರು ತುಂಬಿ, ಸಣ್ಣ ಉರಿಯಲ್ಲೇ ಕುದಿ ಬರಿಸಿ, ಒಲೆಯ ಮೇಲೇ ಆರಲು ಬಿಡಿ. ತೊಳೆದಮೇಲೆ ಒಳಗೂ ಒಣಗಿದೆಯಾ ನೋಡಿ, ಮುಚ್ಚಳ ಹಾಕದೆ ಎತ್ತಿಡಿ. ತೇವ ಉಳಿದರೆ ಬೂಷ್ಟು ಹಿಡಿಯುತ್ತೆ.