ಪಾಪ, ಅಪರಾಧ ಮತ್ತು ಒಂದು ಖಾತೆ

2004ರ ಅಕ್ಟೋಬರ್ 5ರಂದು ಬ್ರಸೆಲ್ಸ್‌ನಲ್ಲಿ, ಯುರೋಪಿಯನ್ ಸಂಸತ್ತಿನ ನಾಗರಿಕ ಸ್ವಾತಂತ್ರ್ಯಗಳ ಸಮಿತಿಯ ಮುಂದೆ ಇಟಲಿಯ ಒಬ್ಬ ಮಂತ್ರಿ ಪ್ರಶ್ನೆಗಳಿಗೆ ಉತ್ತರಿಸಲು ಕುಳಿತಿದ್ದರು. ಅವರ ಹೆಸರು ರೊಕ್ಕೊ ಬುಟ್ಟಿಲ್ಯೋನೆ. ತತ್ವಶಾಸ್ತ್ರ ಕಲಿಸಿದವರು, ಪೋಪ್ ಎರಡನೇ ಜಾನ್ ಪಾಲ್ ಅವರಿಗೆ ಆಪ್ತರು, ತಮ್ಮ ಕ್ಯಾಥೊಲಿಕ್ ನಂಬಿಕೆಯನ್ನು ಎಂದೂ ಮುಚ್ಚಿಟ್ಟವರಲ್ಲ. ಪ್ರಧಾನಿ ಸಿಲ್ವಿಯೊ ಬೆರ್ಲುಸ್ಕೋನಿ ಅವರ ಸರ್ಕಾರ ಇವರನ್ನು ಯುರೋಪಿಯನ್ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗಕ್ಕೆ ಹೆಸರಿಸಿತ್ತು. ಆಯೋಗದ ನಿಯೋಜಿತ ಅಧ್ಯಕ್ಷ ಜೋಸೆ ಮನುಯೆಲ್ ಬರೋಸೊ ಇವರಿಗೆ ನ್ಯಾಯ, ಸ್ವಾತಂತ್ರ್ಯ ಮತ್ತು ಭದ್ರತೆಯ ಖಾತೆಯನ್ನು ಕೊಡಲು ತೀರ್ಮಾನಿಸಿದ್ದರು. ನಾಗರಿಕ ಹಕ್ಕುಗಳ ಹೊಣೆಯೂ ಆ ಖಾತೆಯಲ್ಲೇ ಇತ್ತು.

ಸಲಿಂಗಕಾಮದ ಬಗ್ಗೆ ಪ್ರಶ್ನೆ ಬಂದಾಗ ಬುಟ್ಟಿಲ್ಯೋನೆ ನುಣುಚಿಕೊಳ್ಳಲಿಲ್ಲ. ಅದು ಪಾಪವೆಂದು ತಾವು ಭಾವಿಸಬಹುದು, ಆದರೆ ಅದನ್ನು ಅಪರಾಧವೆಂದು ಕರೆಯದಿರುವ ತನಕ ಆ ಭಾವನೆಗೂ ರಾಜಕೀಯಕ್ಕೂ ಸಂಬಂಧವಿಲ್ಲ ಎಂದರು. ನೀತಿ ಬೇರೆ, ಕಾನೂನು ಬೇರೆ ಎಂಬುದಕ್ಕೆ ಜರ್ಮನ್ ತತ್ವಜ್ಞಾನಿ ಕಾಂಟ್‌ನನ್ನೂ ಸಾಕ್ಷಿಗೆ ಕರೆದರು. ಪಾಪ ಎಂಬ ಪದವನ್ನು ‘ಅಯ್ಯೋ ಪಾಪ’ ಎಂದು ಕನಿಕರಕ್ಕೂ ಬಳಸುವ ಕನ್ನಡಿಗರಾದ ನಮಗೆ ಪಾಪಕ್ಕೂ ಪೊಲೀಸ್ ಠಾಣೆಗೂ ಇರುವ ದೂರ ಸುಲಭವಾಗಿ ಅರ್ಥವಾಗುತ್ತದೆ. ಆದ್ದರಿಂದ ಮೊದಲೇ ಒಪ್ಪಿಬಿಡುತ್ತೇನೆ: ಆ ಉತ್ತರದಲ್ಲಿ ತರ್ಕದೋಷವಿರಲಿಲ್ಲ. ತಾನು ಒಪ್ಪದ ಬದುಕಿನ ಹಕ್ಕನ್ನೂ ಕಾಯುತ್ತೇನೆ ಎನ್ನುವವನೇ ಒಳ್ಳೆಯ ಕಾವಲುಗಾರನೆಂದು ಯಾರಾದರೂ ವಾದಿಸಿದರೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ.

ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಮಹಿಳೆಯೊಬ್ಬಳು ಮಕ್ಕಳನ್ನು ಹೆರಲು ಮತ್ತು ತನ್ನನ್ನು ನೋಡಿಕೊಳ್ಳುವ ಗಂಡಿನ ಆಸರೆ ಪಡೆಯಲು ಕುಟುಂಬವೆಂಬುದು ಇದೆ ಎಂಬರ್ಥದ ಮಾತನ್ನೂ ಅದೇ ವಿಚಾರಣೆಯಲ್ಲಿ ಆಡಿದರು. ಮುಂದಿನ ವಾರಗಳ ಗದ್ದಲವೆಲ್ಲ ‘ಪಾಪ’ದ ಸುತ್ತಲೇ ಸುತ್ತಿತು, ನನ್ನ ಲೆಕ್ಕದಲ್ಲಿ ತೂಕದ ಮಾತು ಈ ಎರಡನೆಯದು. ಮೊದಲನೆಯದಕ್ಕೆ ಅವರೇ ಬೇಲಿ ಹಾಕಿದ್ದರು, ಇದು ನನ್ನ ಮನಸ್ಸಾಕ್ಷಿ, ಕಾನೂನಿಗೆ ತಾಕುವುದಿಲ್ಲ ಎಂದು. ಎರಡನೆಯದಕ್ಕೆ ಅಂಥ ಬೇಲಿ ಇರಲಿಲ್ಲ. ಸಮಾಜ ಹೇಗಿರಬೇಕೆಂಬ ಕಲ್ಪನೆಯೊಂದನ್ನು, ಹಕ್ಕುಗಳ ಕಡತಗಳಿಗೆ ಸಹಿ ಹಾಕಲಿರುವ ವ್ಯಕ್ತಿ, ಹಕ್ಕುಗಳ ಸಮಿತಿಯ ಮುಂದೆಯೇ ಇಟ್ಟಿದ್ದರು.

ಇದನ್ನೆಲ್ಲ ಕೇಳುವ ಅಧಿಕಾರ ಸಂಸದರಿಗೆ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಆಯುಕ್ತನನ್ನು, ಅಂದರೆ ಆಯೋಗದ ಸದಸ್ಯನನ್ನು, ಜನರು ಯಾರೂ ಚುನಾಯಿಸುವುದಿಲ್ಲ. ಅವನ ಸರ್ಕಾರ ಹೆಸರಿಸುತ್ತದೆ, ಅಷ್ಟೇ. ರೋಮ್‌ನಲ್ಲಿ ಬರೆದ ಆ ಒಂದು ಹೆಸರು ಆಗಿನ ಇಪ್ಪತ್ತೈದೂ ದೇಶಗಳ ಜನರ ಮೇಲೆ ಐದು ವರ್ಷ ಪರಿಣಾಮ ಬೀರಬಲ್ಲದು. ಆ ಆಯುಕ್ತನನ್ನು ಮತ ಹಾಕಿ ಇಳಿಸುವ ದಾರಿ ಪೋರ್ಚುಗಲ್‌ನ ಮತದಾರನಿಗೂ ಇಲ್ಲ, ಪೋಲೆಂಡಿನ ಮತದಾರಳಿಗೂ ಇಲ್ಲ. ಅವರ ಪರವಾಗಿ ಅಭ್ಯರ್ಥಿಯ ಮುಖ ನೋಡಿ ಪ್ರಶ್ನೆ ಹಾಕುವ ಅವಕಾಶವೆಂದರೆ ಈ ಕೆಲವು ಗಂಟೆಗಳ ವಿಚಾರಣೆ. ಅಲ್ಲಿ ನಂಬಿಕೆಯ ಪ್ರಶ್ನೆಗೆ ಜಾಗವಿಲ್ಲವೆನ್ನುವುದನ್ನು ನಾನು ಒಪ್ಪಲಾರೆ. ಕೇಳುವ ರೀತಿಯ ಬಗ್ಗೆ ಮಾತ್ರ ನನ್ನ ತಕರಾರಿದೆ: ನೀನು ಏನನ್ನು ನಂಬುತ್ತೀಯ ಎಂಬಲ್ಲಿಗೆ ಪ್ರಶ್ನೆ ಮುಗಿಯಬಾರದು, ಈ ಕಡತ ಮೇಜಿಗೆ ಬಂದ ದಿನ ಏನು ಮಾಡುತ್ತೀಯ ಎಂಬಲ್ಲಿಗೆ ತಲುಪಬೇಕು.

ಸಮಿತಿ 27–26ರಲ್ಲಿ, ಒಂದೇ ಮತದ ಅಂತರದಲ್ಲಿ, ಬುಟ್ಟಿಲ್ಯೋನೆಯವರನ್ನು ತಿರಸ್ಕರಿಸಿತು. ಆದರೆ ಸಮಿತಿಯ ಮತ ಯಾರನ್ನೂ ತಡೆಯುವಂತಿರಲಿಲ್ಲ. ಒಕ್ಕೂಟದ ಮೂಲ ಒಪ್ಪಂದದ ಪ್ರಕಾರ ಸಂಸತ್ತು ಇಡೀ ಆಯೋಗವನ್ನು ಒಪ್ಪಬೇಕು ಇಲ್ಲವೇ ಬಿಡಬೇಕು, ಒಬ್ಬರನ್ನೇ ಹೆಕ್ಕಿ ತೆಗೆಯುವ ಹಾಗಿಲ್ಲ. ಮೂಲಭೂತ ಹಕ್ಕುಗಳಿಗಾಗಿ ತಮ್ಮ ಅಧ್ಯಕ್ಷತೆಯಲ್ಲೇ ಆಯುಕ್ತರ ಗುಂಪೊಂದನ್ನು ಮಾಡುತ್ತೇನೆಂದು ಬರೋಸೊ ರಾಜಿಗೆ ಮುಂದಾದರೂ ಸಮಾಜವಾದಿಗಳೂ ಉದಾರವಾದಿಗಳಲ್ಲಿ ಬಹುಪಾಲು ಜನರೂ ಮಣಿಯಲಿಲ್ಲ. ಅಕ್ಟೋಬರ್ 27ರಂದು, ಸ್ಟ್ರಾಸ್‌ಬರ್ಗ್‌ನಲ್ಲಿ ಮತದಾನಕ್ಕೆ ಮುನ್ನ, ಸೋಲು ಖಚಿತವೆಂದು ಕಂಡ ಬರೋಸೊ ಇಡೀ ಪಟ್ಟಿಯನ್ನೇ ಹಿಂದಕ್ಕೆ ಪಡೆದರು. ಮೂರು ದಿನಗಳಲ್ಲಿ ಬುಟ್ಟಿಲ್ಯೋನೆ ಹಿಂದೆ ಸರಿದರು, ಇಟಲಿಯ ವಿದೇಶಾಂಗ ಮಂತ್ರಿ ಫ್ರಾಂಕೊ ಫ್ರಾಟ್ಟೀನಿ ಅವರ ಜಾಗಕ್ಕೆ ಬಂದರು, ನವೆಂಬರ್ 18ರಂದು ತಿದ್ದಿದ ಪಟ್ಟಿಗೆ 449 ಮತಗಳು ಬಿದ್ದವು.

ಕ್ರೈಸ್ತನಿಗೆ ಇನ್ನು ಯುರೋಪಿನಲ್ಲಿ ಅಧಿಕಾರವಿಲ್ಲ ಎಂಬ ಕೂಗು ಆಗ ಜೋರಾಗಿಯೇ ಎದ್ದಿತು. ಆ ನೋವನ್ನು ನಾನು ಹಗುರವಾಗಿ ನೋಡುವುದಿಲ್ಲ, ಏಕೆಂದರೆ ಒಕ್ಕೂಟದ ಮೂಲಭೂತ ಹಕ್ಕುಗಳ ಸನ್ನದಿನ 21ನೇ ವಿಧಿ ತಾರತಮ್ಯ ಕೂಡದ ಕಾರಣಗಳನ್ನು ಎಣಿಸುವಾಗ ಧರ್ಮ, ನಂಬಿಕೆ ಮತ್ತು ಲೈಂಗಿಕ ಒಲವನ್ನು ಒಂದೇ ವಾಕ್ಯದಲ್ಲಿ ಸೇರಿಸುತ್ತದೆ. ಆದರೆ ಕೂಗಿಗೆ ಉತ್ತರ 2012ರಲ್ಲಿ ಸಿಕ್ಕಿತು. ಮಾಲ್ಟಾದ ಟೋನಿಯೊ ಬೋರ್ಗ್ ಕೂಡ ಸಂಪ್ರದಾಯನಿಷ್ಠ ಕ್ಯಾಥೊಲಿಕ್. ಗರ್ಭಪಾತ, ವಿಚ್ಛೇದನ, ಸಲಿಂಗಿಗಳ ಹಕ್ಕು ಈ ಮೂರರಲ್ಲೂ ಅವರ ನಿಲುವು ಎಲ್ಲರಿಗೂ ತಿಳಿದಿತ್ತು. ಅವಧಿಯ ನಡುವೆ ತೆರವಾದ ಆರೋಗ್ಯ ಮತ್ತು ಗ್ರಾಹಕರ ಖಾತೆಗೆ ಒಬ್ಬರೇ ಹೆಸರಾದ ಅವರಿಂದ ಸಂಸದರು ಲಿಖಿತ ಭರವಸೆ ಕೇಳಿದರು, ಅವರು ಬರೆದುಕೊಟ್ಟರು, ಮತ್ತು 281ರ ವಿರುದ್ಧ 386 ಮತಗಳಿಂದ ಆಯ್ಕೆಯಾದರು. ಅವರ ನಂಬಿಕೆಯನ್ನು ಬಿಡಿಸುವ ಗೋಜಿಗೆ ಯಾರೂ ಹೋಗಬೇಕಾಗಿ ಬರಲಿಲ್ಲ.

2024ರಲ್ಲಿ ಹಂಗೇರಿಯ ಒಲಿವೆರ್ ವರ್ಹೆಯಿ ಅವರ ಸರದಿ ಬಂತು. ಆರೋಗ್ಯ ಖಾತೆ ಅವರಿಗೆ ಸಿಕ್ಕಿತು, ಆದರೆ ಸಂತಾನೋತ್ಪತ್ತಿ ಹಕ್ಕುಗಳ ಭಾಗವನ್ನು ಅವರಿಂದ ತೆಗೆದು ಬೆಲ್ಜಿಯಂನ ಹಾಜಾ ಲಹ್ಬೀಬ್ ಅವರಿಗೆ ಕೊಟ್ಟರು. ಮನುಷ್ಯನನ್ನು ಬಿಟ್ಟು ಕಡತವನ್ನು ಹಿಡಿದದ್ದು ನನಗೆ ಸರಿಯೆನಿಸಿತು. ಸರಿಯೆನಿಸದಿದ್ದದ್ದು ಅದು ನಡೆದ ಜಾಗ. ಪ್ರಶ್ನೆಗಳನ್ನು ಕ್ಯಾಮೆರಾ ಮುಂದೆ ಕೇಳಿದರು, ಹಂಚಿಕೆಯನ್ನು ಮಾತ್ರ ಪಕ್ಷಗಳ ನಾಯಕರು ಬಾಗಿಲು ಹಾಕಿಕೊಂಡು ಮುಗಿಸಿದರು.