ಕಣ ಕಾಯುತ್ತಾ ಕೂತಾಗ ಸಿಕ್ಕ ‘ಲುಕ್ ಆಫ್ಟರ್’

ಇದು ಚಿಕ್ಕಮಗಳೂರಿನ ಆಲ್ದೂರು ಕಡೆ ಇರುವ ನಮ್ಮ ಚಿಕ್ಕಮ್ಮನ ಮನೆ. ಜನವರಿ ತಿಂಗಳು. ಅಲ್ಲಿ ಕಾಣುತ್ತಿದೆಯಲ್ಲ, ಅದೇ ಕಣ. ಕೊಯ್ದ ಕಾಫಿ ಹಣ್ಣನ್ನು ಬಿಸಿಲಿಗೆ ಹರವಿದ್ದಾರೆ. ಚಿಕ್ಕಮ್ಮ ಪೇಟೆಗೆ ಹೊರಟವರು ಒಂದೇ ಮಾತು ಹೇಳಿದರು: “ಸಂಜೆವರೆಗೂ ಕಣ ನೋಡ್ಕೊಳ್ರಮ್ಮ.”

ಚಿಕ್ಕಮ್ಮನ ಮಗಳು, 8ನೇ ಕ್ಲಾಸಿನ ತಂಗಿ, ಇಂಗ್ಲಿಷ್ ನೋಟ್‌ಬುಕ್ ಹಿಡಿದು ಪಕ್ಕದಲ್ಲೇ ಕೂತಿದ್ದಳು. “ಅಕ್ಕ, ಲುಕ್ ಅಂದ್ರೆ ನೋಡು. ಆಫ್ಟರ್ ಅಂದ್ರೆ ಆಮೇಲೆ. ಹಂಗಾದ್ರೆ ಲುಕ್ ಆಫ್ಟರ್ ಅಂದ್ರೆ ಆಮೇಲೆ ನೋಡು ಅಂತನಾ?”

ಒಳ್ಳೆಯ ಪ್ರಶ್ನೆ. ಉತ್ತರ ಆಗಲೇ ಅವಳ ಅಮ್ಮನ ಬಾಯಲ್ಲಿ ಬಂದಿತ್ತು. ನೋಡಿಕೊಳ್ಳು. ಬಿಡಿಸಿದರೆ ನೋಡು, ಕೊಳ್ಳು. ಕೊಳ್ಳು ಅಂದರೆ ದುಡ್ಡು ಕೊಟ್ಟು ತಗೋ. ಹಾಗಂತ ಕಣವನ್ನು ನೋಡಿ ಕೊಂಡುಕೊಳ್ಳಿ ಅಂದರಾ ಚಿಕ್ಕಮ್ಮ? ಇಲ್ಲ. ಆಗಾಗ ಕೈಯಾಡಿಸಿ, ಹನಿ ಬಿದ್ದರೆ ಓಡಿಹೋಗಿ ಮುಚ್ಚಿ, ಸಂಜೆ ಗುಡ್ಡೆ ಮಾಡಿ, ಇಬ್ಬನಿ ತಾಗದ ಹಾಗೆ ಟಾರ್ಪಾಲು ಹೊದಿಸಿ. ಅಷ್ಟೂ ಕೆಲಸ ಆ ಒಂದು ಮಾತಿನಲ್ಲಿದೆ. ಲುಕ್ ಆಫ್ಟರ್ ಅಂದರೂ ಇದೇ. ಇಂಥ ಜೋಡಿಗೆ ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ಅನ್ನುತ್ತಾರೆ. ಲುಕ್ ಫಾರ್ ಅಂದರೆ ಹುಡುಕು. ಲುಕ್ ಇಂಟು ಅಂದರೆ ವಿಚಾರಿಸಿ ನೋಡು.

ಇವನ್ನೆಲ್ಲ ಪಟ್ಟಿ ಮಾಡಿ ಮಕ್ಕಳಿಗೆ ಸುಮ್ನೆ ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ. ನಮ್ಮ ‘ಹೇಳಿಕೊಡು’ ನೋಡಿ. ಹೇಳು, ಕೊಡು ಸೇರಿ ‘ಕಲಿಸು’ ಆಯಿತು. ದಿನವೂ ಹೀಗೆ ಮಾತಾಡುವ ಮಕ್ಕಳಿಗೆ ಈ ದಾರಿ ಹೊಸದೇನಲ್ಲ.

ನಾವು ಎಡವುವುದು ಬೇರೆ ಕಡೆ. ‘ಅಜ್ಜಿಯನ್ನು ನೋಡಿಕೊಳ್ಳು’ ಅನ್ನುವಾಗ ನಮ್ಮಲ್ಲಿ ಅಜ್ಜಿ ಮೊದಲು, ನೋಡಿಕೊಳ್ಳುವುದು ಆಮೇಲೆ. ಇಂಗ್ಲಿಷಿನಲ್ಲಿ ‘ಲುಕ್ ಆಫ್ಟರ್’ ಆದಮೇಲೇ ಅಜ್ಜಿ. ಪಿಕ್ ಅಪ್ ಆದರೆ ‘ಪಿಕ್ ಇಟ್ ಅಪ್’ ಅಂತ ಬಿಡಿಸಬಹುದು. ಲುಕ್ ಆಫ್ಟರ್ ಮಧ್ಯೆ ಯಾರನ್ನೂ ತೂರಿಸುವ ಹಾಗಿಲ್ಲ. ಮತ್ತೆ, ಸಿಟ್ಟು ಬಂದಾಗ “ನಿನ್ನ ನೋಡ್ಕೊಳ್ತೀನಿ” ಅನ್ನುತ್ತೇವೆ, ಅಲ್ವಾ? ಆ ಬೆದರಿಕೆಗೆ ಲುಕ್ ಆಫ್ಟರ್ ಹೊಂದುವುದಿಲ್ಲ. ಅದರಲ್ಲಿ ಇರುವುದು ಅಕ್ಕರೆ, ಜವಾಬ್ದಾರಿ ಅಷ್ಟೆ.

ಐದು ಗಂಟೆಯ ಹೊತ್ತಿಗೆ ತಂಗಿ ತಾನೇ ಒಂದು ವಾಕ್ಯ ಬರೆದಳು. ‘ಮೈ ಮದರ್ ಲುಕ್ಸ್ ಆಫ್ಟರ್ ಅಜ್ಜಿ.’ ಅಜ್ಜಿಯನ್ನೂ ಇಂಗ್ಲಿಷ್ ಮಾಡು ಅಂತ ನಾನು ಹೇಳಲಿಲ್ಲ. ಬಿಸಿಲು ಇಳಿಯುತ್ತಿತ್ತು. ಇಬ್ಬರೂ ಎದ್ದು ಕಾಫಿ ಗುಡ್ಡೆ ಮಾಡಲು ಹೋದೆವು.