ಕದಂಬರ ಮೂಲ: ಶಾಸನಗಳು ಹೇಳುವ ಕಥೆ

ಕೇಳುಗರಿಗೆ ನಮಸ್ಕಾರ. ಹಾವೇರಿಗೆ ಸಮೀಪದ ದೇವಗಿರಿಯಲ್ಲಿ ದೊರೆತ ತಾಮ್ರಪಟಗಳಲ್ಲಿ ಬನವಾಸಿಯನ್ನು ಆಳಿದ ಕದಂಬ ಅರಸ ಮೃಗೇಶವರ್ಮನು ಜೈನ ಸಂಘಗಳಿಗೆ ದಾನ ಕೊಡುತ್ತಾನೆ. ಆದರೆ ಅಲ್ಲಿಯೂ ತನ್ನ ಮನೆತನವು ಮಾನವ್ಯ ಗೋತ್ರದ್ದು, ಹಾರೀತೀಪುತ್ರರದ್ದು, ಸ್ವಾಮಿ ಮಹಾಸೇನನ, ಅಂದರೆ ಷಣ್ಮುಖನ, ಮತ್ತು ಮಾತೃದೇವತೆಗಳ ಗಣದ ಕೃಪೆಗೆ ಪಾತ್ರವಾದದ್ದು ಎಂದು ಹೇಳಿಕೊಳ್ಳುವುದನ್ನು ಅವನು ಬಿಡುವುದಿಲ್ಲ. ದಾನ ಪಡೆಯುವವರು ಯಾರೇ ಆಗಿರಲಿ, ಕೊಡುವ ಕೈ ವೈದಿಕ ಕುಲದ್ದೆಂಬುದು ದಾಖಲಾಗಲೇಬೇಕಿತ್ತು.

ಈ ಕುಲದ ಮೂಲವನ್ನು ವಿಸ್ತಾರವಾಗಿ ಹೇಳುವುದು ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭಶಾಸನ. ಕದಂಬ ಅರಸ ಶಾಂತಿವರ್ಮನ ಕಾಲದಲ್ಲಿ, ಅಂದರೆ ಐದನೆಯ ಶತಮಾನದ ನಡುವಿನಲ್ಲಿ, ಕುಬ್ಜನೆಂಬ ಕವಿ ಇದನ್ನು ಸಂಸ್ಕೃತದಲ್ಲಿ ರಚಿಸಿದನು. ವೇದಾಧ್ಯಯನ, ಯಜ್ಞ, ವ್ರತಗಳಲ್ಲಿ ನಿರತವಾಗಿದ್ದ ಬ್ರಾಹ್ಮಣ ಮನೆತನವೊಂದರ ಮನೆಯ ಬಳಿ ಕದಂಬ ವೃಕ್ಷವೊಂದಿತ್ತು. ಅದನ್ನು ಆರೈಕೆ ಮಾಡುತ್ತಿದ್ದುದರಿಂದ ಮನೆತನಕ್ಕೆ ಆ ಹೆಸರೇ ನಿಂತಿತು ಎಂದು ಕವಿ ಹೇಳುತ್ತಾನೆ. ಆ ಮನೆತನದ ಮಯೂರಶರ್ಮನು ಗುರು ವೀರಶರ್ಮನೊಂದಿಗೆ ಪಲ್ಲವರ ಕಂಚಿಗೆ ಹೋಗಿ, ಅಲ್ಲಿಯ ಘಟಿಕೆಯಲ್ಲಿ, ಅಂದರೆ ಉನ್ನತ ವಿದ್ಯಾಕೇಂದ್ರದಲ್ಲಿ, ಅಧ್ಯಯನಕ್ಕೆ ಸೇರುತ್ತಾನೆ. ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಕಲಹವಾಗುತ್ತದೆ. ಗುರುಕುಲವನ್ನು ಸೇವಿಸಿ ವೇದಶಾಖೆಯನ್ನು ಓದಿ ಮುಗಿಸಿದರೂ ಬ್ರಾಹ್ಮಣನ ಸಿದ್ಧಿ ಅರಸನ ಅಧೀನವಾಗಿ ಉಳಿಯುವುದಾದರೆ ಅದಕ್ಕಿಂತ ದುಃಖ ಯಾವುದಿದೆ ಎಂದು ಕೊರಗಿದ ಅವನು, ದರ್ಭೆ, ಸಮಿಧೆ, ಹೋಮದ ಸೌಟಾದ ಸ್ರುಕ್ಕುಗಳಲ್ಲಿ ಪಳಗಿದ ಕೈಯಲ್ಲಿ ಖಡ್ಗವನ್ನು ಹಿಡಿದನು. ಶ್ರೀಪರ್ವತದ ಕಾಡಿನಲ್ಲಿ ನೆಲೆಯೂರಿ, ಬೃಹದ್ಬಾಣರೆಂಬ ಅರಸು ಮನೆತನದವರಿಂದ ಕಪ್ಪ ವಸೂಲು ಮಾಡಿ, ಕೊನೆಗೆ ಪಲ್ಲವರಿಂದಲೇ ಮನ್ನಣೆ ಪಡೆದನು. ಇದು ಸುಮಾರು ಕ್ರಿ.ಶ. 345ರ ಸುತ್ತಿನ ಘಟನೆ ಎಂದು ವಿದ್ವಾಂಸರ ಎಣಿಕೆ. ಅವನ ಮಗ ಕಂಗವರ್ಮನಿಂದ ಮುಂದೆ ಹೆಸರುಗಳು ಕ್ಷತ್ರಿಯರ ವಾಡಿಕೆಯಂತೆ ‘ವರ್ಮ’ದಲ್ಲಿ ಕೊನೆಗೊಳ್ಳುತ್ತವೆ.

ಕುಬ್ಜನೂ ಆಸ್ಥಾನದ ಕವಿಯೇ. ಷಡಾನನನು ಮಾತೃಗಣಗಳೊಡನೆ ಬಂದು ಮಯೂರಶರ್ಮನಿಗೆ ಅಭಿಷೇಕ ಮಾಡಿದನೆಂದು ಬರೆಯಲು ಅವನು ಹಿಂಜರಿಯಲಿಲ್ಲ. ಮೇಲಾಗಿ ಅವನು ಬರೆದದ್ದು ಘಟನೆ ನಡೆದು ನೂರು ವರ್ಷಗಳಾದ ಮೇಲೆ. ಆದರೂ ಮೂಲಪುರುಷನು ಅವಮಾನಿತನಾದ ವಿದ್ಯಾರ್ಥಿಯಾಗಿದ್ದನೆಂದು ಹೊಗಳುಭಟ್ಟನು ತಾನಾಗಿ ಕಲ್ಪಿಸುವುದು ಅಪರೂಪ. ಆದ್ದರಿಂದಲೇ ಆ ಭಾಗವು ನನಗೆ ನಂಬಲರ್ಹವೆನಿಸುತ್ತದೆ.

ಏಳೆಂಟು ಶತಮಾನಗಳ ನಂತರದ ಕಥೆ ಬೇರೆಯೇ. ಹಾನಗಲ್ಲಿನಲ್ಲಿ, ಅಂದಿನ ಪಾನುಂಗಲ್ಲಿನಲ್ಲಿ, ಆಳಿದ ಕದಂಬರೂ ಗೋವೆಯ ಕದಂಬರೂ ಕಲ್ಯಾಣ ಚಾಲುಕ್ಯರ ಕೆಳಗಿನ ಮಹಾಮಂಡಳೇಶ್ವರರು, ಅಂದರೆ ಸಾಮಂತ ಅರಸರು. ಅವರ ಕಾಲದ ಶಾಸನಗಳಲ್ಲಿ ಮೂಲಪುರುಷನು ಶಿವನ ಹಣೆಯ ಬೆವರ ಹನಿಯು ಕದಂಬದ ಬುಡಕ್ಕೆ ಬಿದ್ದು ಹುಟ್ಟಿದ ತ್ರಿನೇತ್ರನಾಗುತ್ತಾನೆ. ಇನ್ನೊಂದೆಡೆ ಶಿವನಿಗೂ ಭೂದೇವಿಗೂ ಜನಿಸಿದವನಾಗುತ್ತಾನೆ. ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ನೆಲೆಗೊಳಿಸಿದವನೂ ಅವನೇ ಎನ್ನಲಾಗುತ್ತದೆ. ತಾಳಗುಂದದಲ್ಲಿ ಸ್ವತಃ ಬ್ರಾಹ್ಮಣನಾಗಿದ್ದವನು ಇಲ್ಲಿ ಬ್ರಾಹ್ಮಣರಿಗೆ ಆಶ್ರಯ ಕೊಡುವ ದೇವಾಂಶಸಂಭೂತನಾದನು. ಸ್ವತಂತ್ರ ರಾಜ್ಯ ಕೈತಪ್ಪಿದ ಮೇಲೆಯೂ ಬನವಾಸಿ ಪುರವರಾಧೀಶ್ವರರೆಂದು ಕರೆದುಕೊಳ್ಳುತ್ತಿದ್ದ ಮನೆತನಕ್ಕೆ ಹಳೆಯ ವಂಶಕಥೆ ಸಾಲದೆ ಹೋಗಿರಬೇಕು.

ಇನ್ನು ಗೋತ್ರದ ಪ್ರಶ್ನೆ. ಕದಂಬರಿಗಿಂತ ಮೊದಲು ಬನವಾಸಿಯನ್ನು ಆಳಿದ ಚುಟು ಅರಸರೂ, ಅನಂತರದ ಬಾದಾಮಿ ಚಾಲುಕ್ಯರೂ ಮಾನವ್ಯ ಗೋತ್ರದವರು, ಹಾರೀತೀಪುತ್ರರು ಎಂದೇ ಹೇಳಿಕೊಂಡಿದ್ದಾರೆ. ಮೂರೂ ಮನೆತನಗಳು ಒಂದೇ ರಕ್ತದವು ಎನ್ನುವುದಕ್ಕೆ ಇಷ್ಟು ಸಾಲದು. ಕ್ಷತ್ರಿಯರಿಗೆ ಪುರೋಹಿತನ ಗೋತ್ರ ಪ್ರವರಗಳೇ ಸಲ್ಲುತ್ತವೆ ಎಂದು ಕಲ್ಯಾಣದ ವಿಜ್ಞಾನೇಶ್ವರನು ತನ್ನ ಧರ್ಮಶಾಸ್ತ್ರ ಗ್ರಂಥವಾದ ಮಿತಾಕ್ಷರದಲ್ಲಿ ಹೇಳಿರುವುದನ್ನು ಇಲ್ಲಿ ನೆನೆಯಬೇಕು. ಗೆದ್ದ ನಾಡಿನ ಹಿಂದಿನ ಅರಸರ ಬಿರುದನ್ನು ಉಳಿಸಿಕೊಳ್ಳುವುದೂ ಅಪೂರ್ವವಲ್ಲ. ಕದಂಬರ ಮಾತಿಗಾದರೋ ಗೋತ್ರದ ಜೊತೆಗೆ ವೀರಶರ್ಮನ ಹೆಸರು, ಕಂಚಿಯ ಘಟಿಕೆ, ಯಜ್ಞದ ಪರಿಕರಗಳು ಸಾಕ್ಷಿಯಾಗಿ ನಿಲ್ಲುತ್ತವೆ. ಗೋತ್ರವನ್ನು ಹೇಳುವ ಬಾದಾಮಿಯ ಶಾಸನಗಳಲ್ಲಿ ಅಂಥ ಮನೆಯೊಳಗಿನ ವಿವರ ಬರುವುದಿಲ್ಲ.